ಸೋದರಮಾವನ ಕೈಗೆ ಒಪ್ಪಿಸಿದವರು

ಸಾಹೇಬರು ತೀರಿಕೊಂಡ ಮಾರನೆಯ ದಿನ ಪೇಪರಿನವರು ಅವರನ್ನು ದೇವರನ್ನಾಗಿ ಮಾಡಿಬಿಟ್ಟರು. 'ನೊಂದ ಹೆಣ್ಣುಮಕ್ಕಳ ಅಣ್ಣ ಇನ್ನಿಲ್ಲ' ಅಂತ ದೊಡ್ಡ ಅಕ್ಷರ, ಕೆಳಗೆ ಟೊಪ್ಪಿಗೆ ಹಾಕಿಕೊಂಡ ಹಳೇ ಫೋಟೋ. ಓದಿ ನನಗೆ ಮೈಯೆಲ್ಲ ಉರಿಯಿತು. ದೇವರಂತೆ ದೇವರು! ಸಿಟ್ಟು ಮೂಗಿನ ತುದಿಯಲ್ಲಿ, ಬಾಯಿ ತೆರೆದರೆ ಬೈಗುಳ, ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕಂಡರೆ ಎಂಥ ಅರ್ಜೆಂಟಿದ್ದರೂ ಜೀಪು ನಿಲ್ಲಿಸುವ ಮನುಷ್ಯ. ಹೆಣ್ಣುಮಕ್ಕಳ ಅಣ್ಣ ಅಂತ ಅವರ ಎದುರಿಗೆ ಯಾರಾದರೂ ಅಂದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಿದ್ದರು. ಯಾಕೆ ಅನ್ನುವುದು ಪೇಪರಿನವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದರೆ ಉಂಡ ಅನ್ನ ಮೈಗೆ ಹತ್ತಲಿಕ್ಕಿಲ್ಲ ಅನಿಸಿ ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ, ಠಾಣೆಯ ಹೆಸರೂ ಬರೆಯುವುದಿಲ್ಲ. ನಾವು ಠಾಣೆಯಲ್ಲಿ ಹೇಗೆ ಕರೆಯುತ್ತಿದ್ದೆವೋ ಹಾಗೆ ಸಾಹೇಬರು ಅಂತಲೇ ಅನ್ನುತ್ತೇನೆ.

ನಾನು ಕೊಟ್ಟೂರಿನವಳು. ತೊಂಬತ್ತರ ದಶಕದಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಹೆಣ್ಣು ಪೊಲೀಸು ಅಂದರೆ ಜನ ನಿಂತು ನೋಡುತ್ತಿದ್ದ ಕಾಲ. ನಮ್ಮ ಠಾಣೆಗೆ ನಾನೊಬ್ಬಳೇ ಹೆಣ್ಣು ಪೇದೆ. ಖಾಕಿ ಕೊಟ್ಟಿದ್ದರು, ಲಾಠಿ ಕೊಟ್ಟಿದ್ದರು, ಹೋಗಲಿಕ್ಕೊಂದು ಪಾಯಿಖಾನೆ ಕೊಟ್ಟಿರಲಿಲ್ಲ. ಅವಸರವಾದರೆ ಪಕ್ಕದ ಮನೆಯವರ ಹಿತ್ತಿಲಿಗೆ ಓಡಬೇಕಿತ್ತು. ಸಾಹೇಬರು ಪಿ.ಎಸ್.ಐ. ಆಗಿ ನಮ್ಮಲ್ಲಿಗೆ ಬಂದ ದಿನ ಠಾಣೆಯೆಲ್ಲ ಸುತ್ತಾಡಿ, ಲಾಕಪ್ಪು ನೋಡಿ, ಬಂದೂಕು ನೋಡಿ, ಕೊನೆಗೆ ನನ್ನ ಕಡೆ ತಿರುಗಿ, "ನಿನಗೆ ಕಕ್ಕಸು ಎಲ್ಲೈತಮ್ಮ?" ಅಂತ ಎಲ್ಲರ ಮುಂದೆ ಕೇಳಿಬಿಟ್ಟರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಆ ವಾರವೇ ಹಿಂದುಗಡೆ ತಗಡು ಹೊಡೆಸಿ ಕಟ್ಟಿಸಿದರು. ಅವತ್ತಿನಿಂದ ಅವರ ಬೈಗುಳವನ್ನೂ ನಾನು ಸಹಿಸಿಕೊಂಡೆ.

ಅವರು ಹರಪನಹಳ್ಳಿ ಕಡೆಯವರು. ನಾವು ಐತಿ ಅಂದರೆ ಅವರು ಐತೆ ಅನ್ನುವರು, ನಾವು ಮನಿ ಅಂದರೆ ಅವರು ಮನೆ. ನಮ್ಮ ದಫೇದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್ಲು, ಆಡಿಕೊಳ್ಳುತ್ತಿದ್ದರು: "ಸಾಹೇಬ್ರದು ದಾವಣಗೆರೆ ಬೆಣ್ಣಿ ಹಚ್ಚಿದ ಮಾತು, ನಮ್ಮದು ಕಟಕ ರೊಟ್ಟಿ." ಬೆಣ್ಣೆಯೂ ಇಲ್ಲ, ಮಣ್ಣೂ ಇಲ್ಲ. ಕಳ್ಳರಿಗೆ ಹೊಡೆಯುವಾಗ ಅವರ ಕೈ ಬಹಳ ಬಿರುಸು. ಕುರ್ಚಿಯ ಮೇಲೆ ಕೂರುವ ಚಾಳಿಯೇ ಇಲ್ಲ, ನಿಂತೇ ಚಹಾ ಕುಡಿಯುವರು, ನಿಂತೇ ಸಹಿ ಹಾಕುವರು. ಆದರೆ ಠಾಣೆಗೆ ಯಾರು ಹಸಿದು ಬಂದರೂ, ಅವನು ಕುರಿ ಕದ್ದವನೇ ಆಗಲಿ, "ಮೊದ್ಲು ಉಣ್ಲಿ, ಆಮೇಲೆ ಒದೆಯಾಣ" ಅನ್ನುವರು. ಅದರಂತೆ ಮಾಡುವರು, ಎರಡನ್ನೂ.

ಇಂಥ ಮನುಷ್ಯನ ಕೈಗೆ ದುರುಗಿ ಬಂದಳು. ಹುಡುಗಿಯ ಹೆಸರು ಬೇರೆ, ದುರುಗಿ ಅಂತ ನಾನಿಟ್ಟದ್ದು.

ಹೊಸಪೇಟೆ ಕಡೆ ಹೊರಟಿದ್ದ ಬಸ್ಸಿನಲ್ಲಿ ಒಬ್ಬ ಹೆಂಗಸು, ಜೊತೆಗೆ ಹದಿನಾರರ ಆಸುಪಾಸಿನ ಹುಡುಗಿ. ಹೆಂಗಸು ಕಂಡಕ್ಟರಿಗೆ ಒಮ್ಮೆ ಮಗಳು ಅಂದಿದ್ದಾಳೆ, ಸೀಟಿನ ಪಕ್ಕದವರಿಗೆ ಸೊಸೆ ಅಂದಿದ್ದಾಳೆ. ಹುಡುಗಿಯ ಕೊರಳಲ್ಲಿ ತಾಳಿಯಿಲ್ಲ, ಕಣ್ಣೀರು ನಿಂತಿಲ್ಲ. ಕಂಡಕ್ಟರು ಪುಣ್ಯಾತ್ಮ, ಬಸ್ಸನ್ನು ಸೀದಾ ನಮ್ಮ ಠಾಣೆಯ ಮುಂದೆ ತಂದು ನಿಲ್ಲಿಸಿದ. ಸಾಹೇಬರು ಅವನ ಬೆನ್ನು ಚಪ್ಪರಿಸಿದ್ದೇ ಚಪ್ಪರಿಸಿದ್ದು. ಹೆಂಗಸನ್ನು ಒಳಗೆ ಹಾಕಿದರು. ಪುಣೆಯಲ್ಲಿ ಮನೆಗೆಲಸ ಕೊಡಿಸುತ್ತೇನೆ ಅಂತ ಹುಡುಗಿಯರನ್ನು ಸಾಗಿಸುವುದೇ ಅವಳ ಕಸುಬು ಅಂತ ಗೊತ್ತಾಯಿತು. ಹುಡುಗಿಯನ್ನು ಯಾರು ಒಪ್ಪಿಸಿದರು ಅಂದರೆ ಮಾತ್ರ, "ತಾನಾ ಬಂದ್ಳು" ಅಂತ ಒಂದೇ ಪಟ್ಟು.

ದುರುಗಿ ನನ್ನ ಡಬ್ಬಿಯ ರೊಟ್ಟಿ ತಿಂದಳು, ನೀರು ಕುಡಿದಳು, ಹಡಗಲಿ ಕಡೆಯ ತನ್ನ ಊರಿನ ಹೆಸರು ಹೇಳಿದಳು. ಅಪ್ಪ ಇಲ್ಲ, ಅವ್ವ ಮಲ್ಲಿಗೆ ತೋಟಕ್ಕೆ ಮೊಗ್ಗು ಬಿಡಿಸಲು ಕೂಲಿಗೆ ಹೋಗುತ್ತಾಳೆ, ಇಷ್ಟೇ. ಯಾರು ಕರೆತಂದರು ಅಂತ ಕೇಳಿದರೆ ಬಾಯಿಗೆ ಬೀಗ. ಸಾಹೇಬರು, "ಅಂಜ್ಯಾಳೆ ಪಾಪ, ಇರ್ಲಿ. ಮನೆಯವರಿಗೆ ಹೇಳಿ ಕಳಿಸಾಣ" ಅಂದರು.

ಹೇಳಿ ಕಳಿಸುವ ಮೊದಲೇ ಮರುದಿನ ಬೆಳಿಗ್ಗೆ ಅವಳ ಸೋದರಮಾವ ಬಂದು ನಿಂತಿದ್ದ. ಶುಭ್ರ ರುಮಾಲು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಹುಡುಗಿಗೆ ಅಂತ ಹೊಸ ಸೀರೆ. ಎಷ್ಟು ವಿನಯ, ಎಂಥ ನಮಸ್ಕಾರ! ಸುದ್ದಿ ಅವನಿಗೆ ಹೇಗೆ ಮುಟ್ಟಿತು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಸೋದರಮಾವ ಅಂದಮೇಲೆ ಕೇಳುವುದೇನು? ನಮ್ಮ ಕಡೆ ಹುಡುಗಿ ಮೈನೆರೆದರೆ ಸೀರೆ ತರುವವನು ಅವನು, ಮದುವೆಯಲ್ಲಿ ಮುಂದೆ ನಿಲ್ಲುವವನು ಅವನು, ಎಷ್ಟೋ ಮನೆಗಳಲ್ಲಿ ಮದುವೆಯಾಗುವವನೂ ಅವನೇ.

ಅವನು ಒಳಗೆ ಬಂದದ್ದೇ ತಡ, ಬೆಂಚಿನ ಮೇಲಿದ್ದ ದುರುಗಿ ಕಾಲು ಎರಡನ್ನೂ ಮೇಲಕ್ಕೆಳೆದು ಲಂಗದೊಳಗೆ ಮುಚ್ಚಿಕೊಂಡು ತಲೆ ತಗ್ಗಿಸಿಬಿಟ್ಟಳು. ದಫೇದಾರರು ಬಾಯಿ ತುಂಬ ನಕ್ಕರು. "ನೋಡ್ರಿ ಸಾಹೇಬ್ರ, ಮಾವನ್ನ ಕಂಡ ಕೂಡ್ಲೆ ಹೆಂಗ ನಾಚ್ತಾಳ!"

ಮಾವನೂ ನಕ್ಕ. "ನಮ್ಮಕ್ಕಗ ಮಾತು ಕೊಟ್ಟೀನ್ರಿ. ಬರೋ ವರ್ಷ ನಾನಾ ಮಾಡ್ಕೊಂತೀನಿ. ಯಾರೋ ಹಾಳು ಹೆಂಗಸು ತಲಿ ಕೆಡಿಸಿ ಕರ್ಕೊಂಡು ಹೋಗಿದ್ಲು."

ಇಡೀ ಠಾಣೆಗೆ ಸಮಾಧಾನವಾಯಿತು. ಇದು ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ನಾಡಿನ ಪೊಲೀಸನಾಗಿದ್ದರೆ ಹುಡುಗಿ ಹೆದರಿದಳು ಅಂತ ತಿಳಿಯುತ್ತಿದ್ದ. ನಮ್ಮ ಕಣ್ಣಿಗೆ ಅದು ಮದುವಣಗಿತ್ತಿಯ ನಾಚಿಕೆಯಾಗಿ ಕಂಡಿತು. ದೂರದ ಸರ್ಕಾರಿ ಗೃಹಕ್ಕೆ ಹಾಕುವುದಕ್ಕಿಂತ ತಮ್ಮವರ ಮನೆಯೇ ವಾಸಿ ಅಂದರು ಸಾಹೇಬರು. ಆಗ ಎಲ್ಲ ಠಾಣೆಗಳಲ್ಲೂ ಹಾಗೇ ನಡೆಯುತ್ತಿತ್ತು. ರಕ್ತಸಂಬಂಧಿ ಬಂದ, ಸಹಿ ಹಾಕಿದ, ಕರೆದುಕೊಂಡು ಹೋದ, ಮುಗಿಯಿತು.

ಠಾಣೆಯಿಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಸಾಹೇಬರ ಪದ್ಧತಿ. ತಾವೇ ಅಂಗಡಿಗೆ ಹೋಗಿ ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ತಂದರು. ನಾನು ಅವಳಿಗೆ ಮಾವ ತಂದಿದ್ದ ಸೀರೆ ಉಡಿಸಿ, ಅಕ್ಕಿ ಹಾಕಿ ಉಡಿ ತುಂಬಿದೆ. ದುರುಗಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತು ಮೊಟ್ಟಮೊದಲ ಸಲ ತಾನಾಗಿ ಮಾತಾಡಿದಳು.

"ಅಪ್ಪಾರ, ನಾ ಇಲ್ಲೇ ಇರ್ತೀನ್ರಿ. ಕಸ ಹೊಡ್ಕೊಂತ ಇರ್ತೀನಿ."

ನಾವೆಲ್ಲ ಮತ್ತೆ ನಕ್ಕೆವು. ಸಾಹೇಬರು ಅವಳ ತಲೆ ಸವರಿ, "ಹುಚ್ಚಿ, ಠಾಣೆಯಲ್ಲಿ ಯಾರಾದ್ರೂ ಸಂಸಾರ ಮಾಡ್ತಾರಾ? ಹೋಗಿ ಬಾರಮ್ಮ" ಅಂದರು. ಅವತ್ತು ಮಧ್ಯಾಹ್ನ ಎಲ್ಲರಿಗೂ ಅವರದೇ ಮಿರ್ಚಿ. ಅಷ್ಟು ಖುಷಿಯಾಗಿ ಅವರನ್ನು ಆಮೇಲೆ ನಾನು ಕಂಡಿಲ್ಲ.

ಕೆಲವು ತಿಂಗಳು ಕಳೆದಿರಬೇಕು. ಹಗರಿಬೊಮ್ಮನಹಳ್ಳಿ ಸಂತೆಗೆ ನನ್ನನ್ನು ಬಂದೋಬಸ್ತಿಗೆ ಹಾಕಿದ್ದರು. ಒಣಮೆಣಸಿನಕಾಯಿ ರಾಶಿಗಳ ನಡುವೆ ಒಬ್ಬ ಹೆಂಗಸು ನನ್ನ ಖಾಕಿ ಸೀರೆಯನ್ನು ದಿಟ್ಟಿಸಿ ನೋಡಿ ಹತ್ತಿರ ಬಂದಳು. ಮುಖ ನೋಡಿದ ಕೂಡಲೇ ದುರುಗಿಯ ಅವ್ವ ಅಂತ ಗುರುತು ಹತ್ತಿತು, ಅದೇ ಗದ್ದ, ಅದೇ ಹಣೆ.

"ಅವ್ವಾರ, ಆ ಸ್ಟೇಷನ್ನಿನ ಹೆಣ್ಣು ಪೊಲೀಸ್ರು ನೀವಾ ಏನ್ರಿ? ನನ್ನ ಮಗಳ್ನ ಎಂದ್ ಬಿಡ್ತೀರಿ?"

ನನಗೆ ತಿಳಿಯಲಿಲ್ಲ. "ಯಾಕವ್ವ, ಆಕಿ ಮನ್ಯಾಗಿಲ್ಲೇನು?" ಅಂದೆ.

"ಮನ್ಯಾಗ ಹೆಂಗಿರ್ತಾಳ್ರಿ? ನೀವಾ ಇಟ್ಕೊಂಡೀರಲ್ಲ. ನನ್ನ ತಮ್ಮ ಬಂದು ಹೇಳ್ಯಾನ. ಪೊಲೀಸ್ರು ಕೊಡ್ಲಿಲ್ಲ, ಸರಕಾರದಾಗ ಇಟ್ಕೊಂಡಾರ, ದೊಡ್ಡಾಕಿ ಆದ ಮ್ಯಾಲ ಬಿಡ್ತಾರಂತ. ಉಣ್ಣಾಕ ಚಲೋ ಕೊಡ್ತೀರೇನ್ರಿ?"

ಅವಳನ್ನು ಆಗಲೇ ಬಾಡಿಗೆ ಟ್ರ್ಯಾಕ್ಸ್ ಗಾಡಿ ಹತ್ತಿಸಿಕೊಂಡು ಠಾಣೆಗೆ ಬಂದೆ. ಸಾಹೇಬರು ನಿಂತೇ ಕೇಳಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮುಖ ಬೂದಿಯ ಬಣ್ಣ. "ನಿನ್ನ ತಮ್ಮನ ಕೈಗೇ ಒಪ್ಪಿಸಿದೆನಲ್ಲಮ್ಮ, ಇದೇ ಬಾಗಿಲಲ್ಲಿ" ಅಂದರು. ಅವಳು ತಲೆಯಾಡಿಸಿದಳು. ಸಿಟ್ಟಲ್ಲ, ಜಗಳವಲ್ಲ. "ಸುಳ್ಳು ಹೇಳಬ್ಯಾಡ್ರಿ ಯಪ್ಪಾ. ನನ್ನ ತಮ್ಮ ಅಂಥಾವಲ್ಲ" ಅಂದಳು.

ತಮ್ಮನನ್ನು ಹಿಡಿದು ತಂದರು. ಅವನ ಕಥೆ ತಯಾರಾಗಿತ್ತು. ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಬಸ್ಸಿಳಿದು ಓಡಿಹೋದಳು, ಅಕ್ಕನಿಗೆ ಹೇಳಲು ಹೆದರಿ ಪೊಲೀಸರ ಹೆಸರು ಹೇಳಿದೆ. ಸಾಹೇಬರು ಅವನಿಗೆ ಹೊಡೆದರು, ಹೇಗೆ ಹೊಡೆದರು ಅಂತ ಬರೆಯಲಾರೆ. ಬಾಯಿ ಬಿಡಲಿಲ್ಲ ಆ ಮುಂಡೇಗಂಡ. ಮೊದಲ ಸಲ ಬಸ್ಸಿನ ಹೆಂಗಸಿಗೆ ಹುಡುಗಿಯನ್ನು ಮಾರಿದವನೂ ಅವನೇ, ಅದು ಕೆಟ್ಟಮೇಲೆ ನಮ್ಮ ಕೈಯಿಂದಲೇ ಬಿಡಿಸಿಕೊಂಡು ಇನ್ನೊಬ್ಬರಿಗೆ ಮಾರಿದವನೂ ಅವನೇ. ಇದನ್ನು ಹೇಳಿದ್ದು ಜಾಮೀನಿನ ಮೇಲೆ ಹೊರಗಿದ್ದ ಆ ಹೆಂಗಸು. ಹೆಣ್ಣುಮಕ್ಕಳ ಸಂಕಟಕ್ಕೆ ಕರಗಿ ಹೇಳಿದಳು ಅಂದುಕೊಳ್ಳಬೇಡಿ. ತನ್ನನ್ನು ಬಿಟ್ಟು ಬೇರೆಯವರ ಜೊತೆ ವ್ಯವಹಾರ ಮಾಡಿದ ಅನ್ನುವ ಉರಿಗೆ ಪುಣೆಯ ಓಣಿಯ ಹೆಸರು ಹೇಳಿದಳು.

ಸಾಹೇಬರು, ನಾನು ಇಬ್ಬರೂ ಪುಣೆಗೆ ಹೋದೆವು. ಅಲ್ಲಿಯ ಪೊಲೀಸರನ್ನು ಕರೆದುಕೊಂಡು ಆ ಮನೆಯ ಮೆಟ್ಟಿಲು ಹತ್ತಿದೆವು. ಕೋಣೆಯ ಮೂಲೆಯಲ್ಲಿ ದುರುಗಿ ಕೂತಿದ್ದಳು. ತುಟಿಗೆ ಬಣ್ಣ, ಮೈಮೇಲೆ ಯಾರದೋ ಅಳತೆಯ ಜಾಕೀಟು. ನನ್ನನ್ನು ನೋಡಿ ಗುರುತು ಹಿಡಿದಳು. ಹಿಂದಿನಿಂದ ಬಂದ ಸಾಹೇಬರನ್ನು ನೋಡಿದಳು. ನೋಡಿ, ಕಾಲು ಎರಡನ್ನೂ ಸರ್ರನೆ ಒಳಕ್ಕೆಳೆದುಕೊಂಡಳು. ಅವತ್ತು ಮಾವ ಒಳಗೆ ಬಂದಾಗ ಮಾಡಿದ್ದಳಲ್ಲ, ಅದೇ ರೀತಿ. ಅದು ನಾಚಿಕೆಯಲ್ಲ ಅಂತ ಅವರಿಗೆ ಆ ಕ್ಷಣ ಅರ್ಥವಾಯಿತು, ನಾನು ಅವರ ಮುಖ ನೋಡಿದೆ.

ಆ ಎತ್ತರದ ಗಂಡಸು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ಮಗಳೇ, ಬಾ. ಮನೆಗೆ ಹೋಗಾಣ."

"ಈ ಸಲ ಯಾರ ಕೈಯಾಗ ಕೊಡ್ತೀರಿ?" ಅಂದಳು ದುರುಗಿ.

ಅಯ್ಯೋ ಶಿವನೇ, ಆ ಮಾತನ್ನು ಅವಳು ಸಂತೆಯಲ್ಲಿ ದರ ಕೇಳುವ ಹಾಗೆ ಕೇಳಿದಳು. ನಾನೇ, "ನಿಮ್ಮವ್ವನ ಕೈಯಾಗ ಕೊಡ್ತೀವಿ ತಂಗಿ" ಅಂದೆ.

"ಹಂಗಾರ ಅವ್ವನ್ನ ಕರ್ಕೊಂಡ್ ಬರ್ರಿ. ಅವ್ವ ಬಂದ್ರ ಬರ್ತೀನಿ. ನಿಮ್ಮ ಕೂಡ ಬರಂಗಿಲ್ಲ."

ಅಲ್ಲಿಯ ಪೊಲೀಸರಿಗೆ ತನಗೆ ಹದಿನೆಂಟು ದಾಟಿದೆ, ತಾನಾಗಿ ಬಂದಿದ್ದೇನೆ ಅಂತ ಗಿಣಿಪಾಠ ಒಪ್ಪಿಸಿದಳು. ಸಾಲೆಗೆ ಹೋಗದ ಹುಡುಗಿ, ವಯಸ್ಸಿಗೆ ನಮ್ಮ ಹತ್ತಿರ ಆಧಾರವಿಲ್ಲ. ಹೆತ್ತವರನ್ನು ಕರೆತನ್ನಿ, ಇಲ್ಲ ಕೋರ್ಟಿನ ಹುಕುಂ ತನ್ನಿ ಅಂದರು. ಅವರ ಕಾಯಿದೆ ಅವರಿಗೆ. ವಾಪಸು ಬರುವಾಗ ರೈಲಿನಲ್ಲಿ ನಾನು ಸಾಹೇಬರ ಮೇಲೆ ಹರಿಹಾಯ್ದೆ, ಎತ್ತಿ ಹೆಗಲ ಮೇಲೆ ಹಾಕಿಕೊಂಡು ಬರಬೇಕಿತ್ತು ಅಂತ ಕೂಗಾಡಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ, "ಅವಳ ಅವ್ವನ್ನ ನಾಳೆನೇ ಕರ್ಕೊಂಡು ಬರಾಣ" ಅಂತ ಅಷ್ಟೇ ಅಂದರು. ಇನ್ನು ಎಲ್ಲ ಇದ್ದದ್ದು ಆ ತಾಯಿಯ ಮೇಲೆ.

ಊರು ತಲುಪಿದವರು ಮೈಮೇಲೆ ನೀರು ಹಾಕಿಕೊಳ್ಳದೆ ಜೀಪು ಹತ್ತಿದೆವು. ಅವಳು ತೋಟದಲ್ಲಿ ಮೊಗ್ಗು ಬಿಡಿಸುತ್ತಿದ್ದಳು. ಮಗಳು ಸಿಕ್ಕಿದ್ದಾಳೆ, ನೀನು ಬಂದರೆ ಬರುತ್ತಾಳಂತೆ ಅಂದ ಕೂಡಲೇ ಅವಳ ಕೈ ನಿಂತಿತು. ಕಣ್ಣು ತುಂಬಿದವು. ಎದ್ದು ಸೀರೆ ಕೊಡವಿಕೊಂಡಳು, ಜೀಪಿನ ಕಡೆ ಎರಡು ಹೆಜ್ಜೆ ಬಂದಳು ಕೂಡ.

"ಒಂದ್ ಮಾತು ನನ್ನ ತಮ್ಮಗ ಕೇಳಿ ಬರ್ತೀನ್ರಿ" ಅಂದಳು.

ಆಗ ಸಾಹೇಬರ ಬಾಯಿ ಜಾರಿತು. ತಮ್ಮನಿಗೆ ಒಂದು ಬೈಗುಳ ಬೈದರು. ಠಾಣೆಯಲ್ಲಿ ದಿನಕ್ಕೆ ಹತ್ತು ಸಲ ಬೈಯುತ್ತಿದ್ದದ್ದೇ, ಅವನ ತಾಯಿಯನ್ನು ಹಿಡಿದು ಬೈಯುವ ಬೈಗುಳ. ಅವನ ತಾಯಿ ಅಂದರೆ ಇವಳ ತಾಯಿಯೂ ಹೌದಲ್ಲ! ಅದು ಅವರ ತಲೆಗೆ ಹೋಗಲಿಲ್ಲ. ಹೆಂಗಸು ನಿಂತಲ್ಲೇ ನಿಂತಳು. ಮೊಗ್ಗಿನ ಉಡಿಯನ್ನು ಮತ್ತೆ ಕಟ್ಟಿಕೊಂಡಳು.

"ನನ್ನ ತವರಿಗೆ ಬೈಬ್ಯಾಡ್ರಿ. ಗಂಡ ಸತ್ತಾಗ ಜ್ವಾಳ ತಂದು ಹಾಕಿದಾವ ಆತ. ಆತನ್ನ ಬಿಟ್ರ ನನಗ ಯಾರದಾರ? ನಿಮ್ಮ ಕೂಡ ಬಂದ್ರ ನನ್ನೂ ಅಲ್ಲೇ ಇಟ್ಕೊಂಡೀರಿ, ಯಾರಿಗೊತ್ತು."

ಸಾಹೇಬರು ಕೈ ಮುಗಿದರು, ತಪ್ಪಾಯಿತು ಅಂದರು, ಎಲ್ಲ ಆಯಿತು. ಅವಳು ಸಾಲು ಹಿಡಿದು ಮೊಗ್ಗು ಬಿಡಿಸುತ್ತಾ ಹೋಗಿಬಿಟ್ಟಳು. ಕೋರ್ಟಿನ ಹುಕುಮಿಗೆ ಅರ್ಜಿ ಹಾಕಿದರೆ ಮುಂದಿನ ತಾರೀಖು, ಮುಂದಿನ ತಾರೀಖು. ಕೊನೆಗೆ ನಾನೊಬ್ಬಳೇ ಖಾಕಿ ಬಿಟ್ಟು ಮನೆಯ ಸೀರೆಯಲ್ಲಿ ಅವಳ ಗುಡಿಸಲಿಗೆ ಎಡತಾಕಿದೆ. ಅವಳ ಜೊತೆ ಮೊಗ್ಗು ಬಿಡಿಸಿದೆ, ಒಲೆ ಮುಂದೆ ಕೂತೆ. ವಾರಗಟ್ಟಲೆ ಆದಮೇಲೆ ಒಪ್ಪಿದಳು, "ನಿಮ್ಮ ಸಾಹೇಬ್ರು ಬರಬಾರ್ದು" ಅಂತ ಷರತ್ತು ಹಾಕಿ. ಸಾಹೇಬರು ನಮ್ಮನ್ನು ರೈಲು ಸ್ಟೇಷನ್ನಿನಲ್ಲಿ ದೂರದಿಂದ ನೋಡಿ ಕಳಿಸಿಕೊಟ್ಟರು.

ನಾವು ಆ ಮೆಟ್ಟಿಲು ಹತ್ತಿ ಹೋದಾಗ ಕೋಣೆಯಲ್ಲಿ ಹೊಲಿಗೆ ಮಷಿನ್ನುಗಳು ಕೂತಿದ್ದವು. ಯಾವ ಹುಡುಗಿ, ಯಾವ ಮನೆ, ನಮಗೇನು ಗೊತ್ತು ಅಂದರು ದರ್ಜಿಗಳು. ಓಣಿಯೆಲ್ಲ ಹುಡುಕಿದೆ, ಅಲ್ಲಿಯ ಪೊಲೀಸರೂ ಹುಡುಕಿದರು. ಅವಳನ್ನು ಎಲ್ಲಿಗೆ ದಾಟಿಸಿದರೋ, ಇವತ್ತಿನವರೆಗೆ ಗೊತ್ತಿಲ್ಲ. ಅವಳ ತಾಯಿ ಮೆಟ್ಟಿಲ ಮೇಲೆ ಕೂತು ನೀರು ಕುಡಿದು ನನ್ನನ್ನು ಕೇಳಿದಳು: "ಇಲ್ಲಿ ಇಲ್ಲಂದ್ರ, ನಿಮ್ಮ ಸಾಹೇಬ್ರು ಮತ್ತೆಲ್ಲಿ ಇಟ್ಟಾರ್ರಿ?"

ಕೇಸು ನಡೆಯಿತು. ನಡೆಯದಿದ್ದರೇ ಚೆನ್ನಾಗಿತ್ತು. ಮಾವನ ಕಡೆಯ ವಕೀಲ ಸಾಹೇಬರನ್ನು ಕಟಕಟೆಯಲ್ಲಿ ನಿಲ್ಲಿಸಿ ಮೆತ್ತಗೆ ಕೇಳಿದ. "ಹುಡುಗಿಯನ್ನು ಇವನಿಗೆ ಒಪ್ಪಿಸಿದ್ದು ತಾವೇ ಅಲ್ಲವೇ? ಒಳ್ಳೆಯ ಮನುಷ್ಯ ಅಂತ ಖಾತ್ರಿ ಮಾಡಿಕೊಂಡೇ ಒಪ್ಪಿಸಿದಿರಿ ಅಲ್ಲವೇ? ಉಡಿ ತುಂಬಿಸಿ ಕಳಿಸಿದಿರಿ ಅಲ್ಲವೇ?" ಹೌದು, ಹೌದು, ಹೌದು. ಲಾಕಪ್ಪಿನಲ್ಲಿ ಬಿದ್ದ ಏಟಿನ ಗುರುತುಗಳೂ ಅವನ ಸಹಾಯಕ್ಕೇ ಬಂದವು. ತಾಯಿ ಬಂದು ತಮ್ಮನ ಪರ ಸಾಕ್ಷಿ ಹೇಳಿದಳು. ಬಿಡುಗಡೆಯಾಗಿ ಹೊರಗೆ ಬಂದವನಿಗೆ ಅಕ್ಕನೇ ದೃಷ್ಟಿ ತೆಗೆದಳು, ಕೋರ್ಟಿನ ಹುಣಸೆಮರದ ಕೆಳಗೆ. ಥೂ, ಅದನ್ನು ನೋಡಿದ ಈ ಕಣ್ಣುಗಳು ಇನ್ನೂ ಯಾಕಿವೆಯೋ.

ಅಲ್ಲಿಂದ ಮುಂದಕ್ಕೆ ಸಾಹೇಬರು ಕೆಲಸ ಮಾಡುವ ರೀತಿಯೇ ಬೇರೆಯಾಯಿತು. ಠಾಣೆಗೆ ಹುಡುಗಿ ಬಂದರೆ ಸಂಬಂಧಿಕರನ್ನು ಕಂಪೌಂಡಿನ ಒಳಗೆ ಬಿಡುತ್ತಿರಲಿಲ್ಲ. ಖಾಕಿ ಹಾಕಿಕೊಂಡು ಯಾರೂ ಅವಳ ಹತ್ತಿರ ಸುಳಿಯುವಂತಿಲ್ಲ. ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿ ಒಂದು ಮೊರ ಹಸಿ ಶೇಂಗಾ ಸುರಿದು, ನನಗೆ ಮನೆಯ ಸೀರೆ ಉಡಿಸಿ ಅವಳ ಜೊತೆ ಸುಲಿಯಲು ಕೂರಿಸುವರು. "ಏನೂ ಕೇಳಬೇಡ. ಕೈ ಕೆಲಸದಲ್ಲಿದ್ರೆ ಬಾಯಿ ತಾನಾಗೆ ಬಿಡ್ತೈತೆ" ಅನ್ನುವರು. ನಿಜಕ್ಕೂ ಹಾಗೇ ಆಗುತ್ತಿತ್ತು. ಮೊದಲ ದಿನ ಸುಮ್ಮನೆ ಸುಲಿದ ಹುಡುಗಿ ಮರುದಿನ ತನ್ನ ಮನೆಯ ಆಡಿನ ಬಗ್ಗೆ ಹೇಳುವಳು, ಆಮೇಲೆ ಆಡು ಕಟ್ಟುವ ಅಣ್ಣನ ಬಗ್ಗೆ, ಅಣ್ಣನ ಗೆಳೆಯನ ಬಗ್ಗೆ. ಇತ್ತ ಸಾಹೇಬರು ಅವಳ ಊರಿಗೆ ಹೋಗಿ ಆ ಮನೆಗೆ ಹೊಸದಾಗಿ ಏನು ಬಂದಿದೆ ನೋಡಿ ಬರುವರು. ತಗಡೋ, ಟೀವಿಯೋ, ಯಾರ ಕಾಲಿಗೆ ಹೊಸ ಬೂಟೋ. ಎಲ್ಲ ತಿಳಿದಮೇಲೆ ಮ್ಯಾಜಿಸ್ಟ್ರೇಟರ ಮುಂದೆ. ಸೋದರಮಾವ ಬರಲಿ, ಸ್ವಂತ ಅಪ್ಪನೇ ಬರಲಿ, ಠಾಣೆಯ ಬಾಗಿಲಲ್ಲಿ ಒಪ್ಪಿಸುವುದು ಅಂದಿಗೆ ನಿಂತಿತು. ಬೇರೆ ಠಾಣೆಯವರು ನಮ್ಮನ್ನು ಶೇಂಗಾ ಮಂಡಿ ಅಂತ ಚೇಷ್ಟೆ ಮಾಡುತ್ತಿದ್ದರು. ಮೇಲಿನವರು ಗಂಟೆಯೊಳಗೆ ಹೇಳಿಕೆ ಬೇಕು ಅಂತ ಫೋನಿನಲ್ಲಿ ಗುಡುಗುತ್ತಿದ್ದರು. ಹೀಗೆ ತಡ ಮಾಡಿದ್ದಕ್ಕೇ ಅವರಿಗೆ ವರ್ಗದ ಮೇಲೆ ವರ್ಗ, ಬಡ್ತಿ ಮಾತ್ರ ಎಲ್ಲರಿಗಿಂತ ಹಿಂದೆ. ಹೋದ ಕಡೆಗೆಲ್ಲ ಕೇಳಿ ನನ್ನನ್ನೂ ವರ್ಗ ಮಾಡಿಸಿಕೊಳ್ಳುತ್ತಿದ್ದರು.

ಎಷ್ಟೋ ವರ್ಷದ ಮೇಲೆ, ಎರಡು ಸಾವಿರದ ಈಚೆಗೆ, ಇಲಾಖೆಗೆ ಈ ವಿಷಯದಲ್ಲಿ ಎಚ್ಚರವಾಯಿತು. ಪೊಲೀಸರಿಗೆ, ವಕೀಲರಿಗೆ, ಡಾಕ್ಟರರಿಗೆ ತರಬೇತಿ ಶಿಬಿರ ಮಾಡಿದರು. ಸಾಹೇಬರಿಗೆ ಊಟಕ್ಕೆ ಮೊದಲಿನ ಹತ್ತು ನಿಮಿಷ ಕೊಟ್ಟರು, ಎಲ್ಲರ ಕಣ್ಣೂ ಹೋಳಿಗೆಯ ಕಡೆ. ಹೊರಗಿನಿಂದ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು, "ನಿಮ್ಮ ಕಡೆ ಇದೆಲ್ಲ ದೇವದಾಸಿ ಪದ್ಧತಿಯಿಂದ ಬಂದದ್ದಲ್ಲವೇ?" ಅಂದರು. "ಪದ್ಧತಿ ಅಂದ್ರೆ ದೇವಿ ಮೇಲೆ ಹಾಕಿ ಕೈ ತೊಳ್ಕೊಬಹುದು ಸಾರ್. ಮಾರಿದವನಿಗೆ ಹೆಸರೈತೆ, ಮನೆ ಐತೆ, ಅವನನ್ನ ಹುಡುಕಾಣ" ಅಂದರು ನಮ್ಮ ಸಾಹೇಬರು. ಒಬ್ಬ ಹೊಸ ಹುಡುಗ, ಆಗಷ್ಟೇ ಪಿ.ಎಸ್.ಐ. ಆದವನು, ಎದ್ದು ನಿಂತು ಕೇಳಿದ. "ಅಪ್ಪನೂ ಬೇಡ, ಮಾವನೂ ಬೇಡ ಅಂದರೆ ಹುಡುಗಿಯನ್ನು ಯಾರ ಕೈಗೆ ಕೊಡೋದು ಸರ್?"

ದುರುಗಿ ಕೇಳಿದ್ದೂ ಅದೇ. ಸಾಹೇಬರು ಮೈಕು ಬದಿಗೆ ಸರಿಸಿ ಅವನಿಗೇ ಹೇಳಿದರು.

"ಕೊಡೋದು, ಒಪ್ಪಿಸೋದು, ಈ ಮಾತೇ ಬಿಡ್ರಿ. ಅವಳೇನು ಜಪ್ತಿ ಮಾಡಿದ ಮಾಲಲ್ಲ. ಎಲ್ಲಿರ್ತೀಯಮ್ಮ ಅಂತ ಅವಳನ್ನ ಕೇಳ್ರಿ. ಇಲ್ಲೇ ಕಸ ಹೊಡ್ಕೊಂಡು ಇರ್ತೀನಿ ಅಂದ್ರೆ ನಗಬೇಡ್ರಿ."

ಸಭೆ ನಕ್ಕಿತು. ತಮಾಷೆ ಅಂದುಕೊಂಡರು. ಆಮೇಲೆ ಊಟಕ್ಕೆ ಎದ್ದರು.

ಇಷ್ಟು ವರ್ಷವೂ ದುರುಗಿಯ ತಾಯಿ ಸಾಹೇಬರ ಹತ್ತಿರ ಬರುತ್ತಲೇ ಇದ್ದಳು. ಸಾಹೇಬರಿಗೆ ಯಾವ ಊರಿಗೆ ವರ್ಗವಾದರೂ ಕೇಳಿಕೊಂಡು ಬಂದು ಠಾಣೆಯ ಕಟ್ಟೆಯ ಮೇಲೆ ಕೂರುವಳು. ಒಂದೇ ಪ್ರಶ್ನೆ: ಯಾವಾಗ ಬಿಡ್ತೀರಿ? ಮೊದಮೊದಲು ಸಾಹೇಬರು ತಿಳಿಸಿ ಹೇಳುತ್ತಿದ್ದರು, ನಾನಂತೂ ಜಗಳವನ್ನೇ ಆಡಿದ್ದೇನೆ. ಪುಣೆಯ ಮೆಟ್ಟಿಲು ಕಣ್ಣಾರೆ ಕಂಡವಳಲ್ಲೇನೇ ನೀನು ಅಂತ ರೇಗಿದ್ದೇನೆ. ಅವಳಿಗೆ ಅದು ಕಿವಿಗೆ ಬೀಳದು. ಒಮ್ಮೆ ನಾನು ಬೈಯುವುದನ್ನು ಸಾಹೇಬರು ತಡೆದರು.

"ಬಿಡಮ್ಮ. ನಮ್ಮನ್ನ ನಂಬಿದ್ರೆ ಅವಳಿಗೆ ತಮ್ಮನೂ ಇಲ್ಲ, ಮಗಳೂ ಇಲ್ಲ. ನಾನು ಕಳ್ಳ ಆದ್ರೆ ತಮ್ಮ ಒಳ್ಳೆಯವ್ನು, ಮಗಳು ಎಲ್ಲೋ ಜೋಪಾನ ಇದಾಳೆ. ಆಗ್ಲಿ, ನಾನೇ ಕಳ್ಳ."

ಅಲ್ಲಿಂದ ಅವರು ತಿಳಿಸಿ ಹೇಳುವುದನ್ನೇ ಬಿಟ್ಟರು. ಅವಳು ಬಂದರೆ ತಾವೇ ಚಹಾ ತರಿಸಿ ಎದುರು ಕೂರುವರು. ಅವಳು, "ಚಲೋ ಅದಾಳೇನ್ರಿ?" ಅಂದರೆ, "ಚೆನ್ನಾಗಿದಾಳೆ ತಾಯಿ" ಅನ್ನುವರು. "ಉಂಡಾಳೇನ್ರಿ?" "ಉಂಡಾಳೆ." "ನನ್ನ ನೆನಸ್ತಾಳೇನ್ರಿ?" ಅದಕ್ಕೆ ಮಾತ್ರ ಅವರು ಹೌದು ಅನ್ನುವ ಹಾಗೆ ತಲೆಯಾಡಿಸಿ ಬೇರೆ ಕಡೆ ನೋಡುವರು. ನನಗೆ ಇದು ಸರಿಬರಲಿಲ್ಲ. ಹಡೆದವಳಿಗೆ ಹೀಗೆ ಸುಳ್ಳು ಹೇಳುವುದು ಪಾಪ ಅಂತ ಮುಖದ ಮೇಲೇ ಹೇಳಿದೆ. "ನಿಜ ಹೇಳಿ ಆಗಿರೋ ಪುಣ್ಯ ನೋಡಿದೀನಿ ಬಿಡು" ಅಂದರು. ನಿವೃತ್ತಿಯಾಗಿ ಹರಪನಹಳ್ಳಿಯ ಮನೆ ಸೇರಿದಮೇಲೂ ಅವಳು ಅಲ್ಲಿಗೆ ಬರುತ್ತಿದ್ದಳು, ಸಾಹೇಬರ ಹೆಂಡತಿ ಅವಳಿಗೆ ರೊಟ್ಟಿ ಹಾಕುತ್ತಿದ್ದರು. ಸಾಹೇಬರು ಮಹಾರಾಷ್ಟ್ರದ ಕಡೆ ಹೋಗಿ ಹುಡುಕಿ ಬರಿಗೈಲಿ ಬಂದದ್ದು ನಿವೃತ್ತಿಯ ಮೇಲೂ ಉಂಟು. ಆ ತಾಯಿಗೆ ಹೇಳಲಿಲ್ಲ.

ಎದೆನೋವು ಅಂದ ಸಾಹೇಬರು ದವಾಖಾನೆ ಮುಟ್ಟುವ ಮೊದಲೇ ಹೋದರು. ಸುದ್ದಿ ತಿಳಿದು ನಾನು ಹೋದಾಗ ಮನೆಯ ಮುಂದೆ ಶಾಮಿಯಾನ, ಇಲಾಖೆಯವರ ಹಾರ, ಅಲ್ಲೊಂದು ಇಲ್ಲೊಂದು ಪಿಸುಮಾತು. ಹೆಂಡತಿ ಅತ್ತು ಅತ್ತು ಸುಸ್ತಾಗಿ ಗೋಡೆಗೆ ಒರಗಿದ್ದರು. ಆಗ ಗುಂಪನ್ನು ಸೀಳಿಕೊಂಡು ಬಂದಳು ದುರುಗಿಯ ತಾಯಿ. ತಲೆಯೆಲ್ಲ ಬೆಳ್ಳಗೆ, ಚಪ್ಪಲಿಯಿಲ್ಲದ ಕಾಲು. ಹೆಣದ ಮೇಲೆ ಬಿದ್ದು, ಅವರ ಎರಡೂ ಹೆಗಲು ಹಿಡಿದು ಅಲ್ಲಾಡಿಸಿ ಬೋರಾಡಿ ಅತ್ತಳು. ಕಟ್ಟಿಕೊಂಡ ಹೆಂಡತಿಯೂ ಹಾಗೆ ಅತ್ತಿರಲಿಲ್ಲ. ನೆರೆದವರೆಲ್ಲ ಕಣ್ಣೊರೆಸಿಕೊಂಡರು. "ಇಂಥಾ ಬಡವ್ರ ಋಣ ಗಳಿಸ್ಯಾರ ನೋಡ್ರಿ, ಪುಣ್ಯವಂತ್ರು" ಅಂದರು ಪಕ್ಕದಲ್ಲಿದ್ದ ಒಬ್ಬರು.

ನಾನು ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ಏನು ಹೇಳಿ ಅಳುತ್ತಿದ್ದಾಳೆ ಅನ್ನುವುದು ಆ ಗದ್ದಲದಲ್ಲಿ ಯಾರಿಗೂ ತಿಳಿದಿರಲಿಲ್ಲ, ಹತ್ತಿರ ಬಗ್ಗಿದ ನನಗೆ ಕೇಳಿಸಿತು.

"ಎಲ್ಲಿ ಇಟ್ಟೀನಿ ಅಂತ ಹೇಳದಾ ಹೋದ್ಯಲ್ಲೋ ಯಪ್ಪಾ! ಆಕಿ ಎಲ್ಲಿ ಅದಾಳ ಅಂಬೋದು ನಿನಗೊಬ್ಬಗಾ ಗೊತ್ತಿತ್ತಲ್ಲೋ. ಈಗ ಆಕಿಗೆ ಉಣ್ಣಾಕ ಯಾರು ಹಾಕ್ತಾರೋ?"